ರಾಯಚೂರಿನ ಅಟ್ಟದಿಂದ ಬಳ್ಳಾರಿ ಟೇಬಲ್‌ವರೆಗೆ: ಒಂದು ಟ್ರೈನ್ ಕಲೆಕ್ಷನ್ ಮಾರಿದ ಪ್ರಕರಣ

ಮಾಡೆಲ್ ಟ್ರೈನ್ ಹೆಂಗೆ ಕೂಡಿಸ್ಬೇಕು, ಏನ್ ತಗೋಬೇಕು ಅಂತ ಹೇಳೋರು ಬೇಕಾದಷ್ಟು ಮಂದಿ ಸಿಗ್ತಾರೆ, ಆದ್ರೆ ಕೂಡಿಸಿದ ಯಜಮಾನ್ರು ತೀರ್ಕೊಂಡ ಮೇಲೆ ಆ ಸಾಮಾನಿಗೆ ಏನ್ ಗತಿ ಅನ್ನೋದನ್ನ ಯಾರೂ ಹೇಳಲ್ಲ. ಇದು ಅಂಥ ಒಂದು ಮನೆಯ ಲೆಕ್ಕ. ಮನೆಯವರ ಒಪ್ಪಿಗೆ ತಗೊಂಡೇ ಬರೀತಿದೀನಿ, ಹೆಸರು ಬೇಡ ಅಂದಿದಾರೆ, ಹಂಗಾಗಿ ಯಾರ ಹೆಸರೂ ಇರಲ್ಲ. ರೇಟು ಮಾತ್ರ ಇದ್ದಿದ್ದು ಇದ್ದಂಗೇ ಹಾಕಿದೀನಿ, ಯಾಕಂದ್ರೆ ಎಲ್ಲರೂ ಮುಚ್ಚಿಡೋದು ಅದನ್ನೇ.

ಯಜಮಾನ್ರು ಗೂಡ್ಸ್ ಗಾರ್ಡ್ ಆಗಿ ರಿಟೈರ್ ಆದೋರು. 2022ರಲ್ಲಿ ಗಾರ್ಡ್ ಹೋಗಿ ಟ್ರೈನ್ ಮ್ಯಾನೇಜರ್ ಅಂತ ಹೆಸರು ಬಂತಲ್ಲ, ಅದಕ್ಕೂ ಎಷ್ಟೋ ಮುಂಚೆ. ಮನೆ ರಾಯಚೂರು ಸ್ಟೇಷನ್ ಹತ್ರ. ಮನೆಗೆ ಬಂದೋರಿಗೆಲ್ಲ, ಬೊಂಬಾಯಿ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ, ಅಂದ್ರೆ ಜಿಐಪಿ ಲೈನು, ಮದ್ರಾಸ್ ಕಡೆಯಿಂದ ಬಂದ ಮದ್ರಾಸ್ ರೈಲ್ವೆ ಲೈನು, 1871ರಲ್ಲಿ ಎರಡೂ ಕೂಡಿದ್ದು ನಮ್ಮೂರಾಗ ನೋಡ್ರಿ ಅಂತ ಹೇಳಿಯೇ ಚಾ ಕೊಡ್ತಿದ್ರಂತೆ. ಅದೇ ಜಂಕ್ಷನ್ನನ್ನ ಎರಡು ಪ್ಲೈವುಡ್ ಶೀಟ್ ಮೇಲೆ ಕಟ್ಟಿದ್ರು, ಮೊಮ್ಮಕ್ಕಳು ದೊಡ್ಡೋರಾದ ಮೇಲೆ ಅದನ್ನ ಬಿಚ್ಚಿ ಡಬ್ಬಿಗಳಲ್ಲಿ ತುಂಬಿ ಅಟ್ಟಕ್ಕೆ ಹಾಕಿದ್ರು. ಅವರು ಹೋದ ಮೇಲೆ ದೊಡ್ಡ ಮಗಳು, ಅಂದ್ರೆ ನಾವೆಲ್ಲ ಅಕ್ಕ ಅನ್ನೋರು, ಸ್ಕೂಲ್ ಟೀಚರು, ಅಟ್ಟ ಖಾಲಿ ಮಾಡ್ಬೇಕು ಅಂತ ನಿಂತಾಗ ಹೊರಗೆ ಬಂದಿದ್ದು ಏಳು ಇಂಜಿನ್, ಅರವತ್ತರ ಹತ್ರ ವ್ಯಾಗನ್ನು ಬೋಗಿ, ಚೀಲಗಟ್ಟಲೆ ಹಳಿ, ಕಟ್ಟದೇ ಇದ್ದ ಮೂರು ಬಿಲ್ಡಿಂಗ್ ಕಿಟ್, ಟ್ರಾನ್ಸ್‌ಫಾರ್ಮರ್‌ಗಳು, ಮತ್ತೆ ಸ್ಕ್ರೂ, ಗಾಲಿ, ವೈರಿನ ಡಬ್ಬಿಗಳು.

ನನ್ನ ಪಾತ್ರ ಏನಂದ್ರೆ, ಬಳ್ಳಾರಿಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಕೊಂಡಿದೀನಿ, ಈ ಎಚ್‌ಒ, ಅಂದ್ರೆ ಈ ಅಳತೆಯ ಮಾಡೆಲ್ ಟ್ರೈನಿನ ಹುಚ್ಚು ನನಗೂ ಐತೆ, ನಮ್ಮ ಕಡೆ ಸಣ್ಣದಾಗಿ ನಡಿಯೋ ಟ್ರೈನ್ ಶೋಗೆ, ಅಂದ್ರೆ ಮಾಡೆಲ್ ಟ್ರೈನ್ ಮಾರೋ ಮೇಳಕ್ಕೆ, ಟೇಬಲ್ ಹಾಕ್ಸೋರಲ್ಲಿ ನಾನೂ ಒಬ್ಬ. ಅಕ್ಕನ ತಮ್ಮನಿಗೆ ಪರಿಚಯ ಇದ್ದೋರು ನನ್ನ ನಂಬರ್ ಕೊಟ್ಟಿದ್ರು.

ನಾನು ಹೋಗೋಕೆ ಮುಂಚೇನೆ ಒಬ್ಬ ಡೀಲರ್ ಬಂದು ನೋಡ್ಕೊಂಡು ಹೋಗಿದ್ದ. ಶೋಗಳಿಗೆ ಊರೂರು ತಿರುಗಿ ಟೇಬಲ್ ಹಾಕೋನು, ಸೆಕೆಂಡ್ ಹ್ಯಾಂಡ್ ಮಾಲು. ಒಂದ್ ತಾಸು ಡಬ್ಬಿ ತೆಗೆದು ಹಾಕಿ ನೋಡಿ, ಎಲ್ಲಾ ಸೇರಿ 45,000, ಈಗ್ಲೇ ಕ್ಯಾಶ್, ನಾನೇ ಗಾಡಿ ತರ್ತೀನಿ ಅಂದಿದ್ದ. ಅಕ್ಕನಿಗೆ ಸಿಟ್ಟು. ಯಾಕಂದ್ರೆ ಅವರ ಮಗ ಇಬೇಯಲ್ಲಿ ಹುಡುಕಿ ಎರಡೂವರೆ ಲಕ್ಷ ಆಗುತ್ತೆ ಅಂತ ಪಟ್ಟಿ ಮಾಡಿದ್ದ.

"ನೋಡ್ರಿ ತಮ್ಮಾ, ಎರಡೂವರೆ ಲಕ್ಷದ್ದು ನಲವತ್ತೈದ್ ಸಾವ್ರಕ್ಕ ಕೇಳ್ತಾನಲ್ರಿ, ಹೆಣ್ಮಕ್ಕಳು ಅಂತ ತಿಳ್ಕೊಂಡಾನೇನು?"

ಪಟ್ಟಿ ತೋರ್ಸಿ ಅಂದೆ. ಅದು ಬರೀ ಕೇಳೋ ರೇಟು. ಅಮೆರಿಕದಲ್ಲಿ ಕೂತಿರೋನು ಒಂದು ವ್ಯಾಗನ್ನಿಗೆ 60 ಡಾಲರ್ ಅಂತ ಹಾಕ್ಕೊಂಡು ವರ್ಷಗಟ್ಟಲೆ ಕಾಯ್ತಿರ್ತಾನೆ, ಅದು ಬೆಲೆ ಅಲ್ಲ, ಅವನ ಆಸೆ. ಮಾರಾಟ ಆಗಿ ಮುಗಿದಿದ್ದು ಮಾತ್ರ ತೋರ್ಸೋ ಫಿಲ್ಟರ್ ಹಾಕಿ ಅದೇ ಸಾಮಾನು ಹುಡುಕಿದ್ವಿ, ಎರಡೂವರೆ ಲಕ್ಷ ಇದ್ದಿದ್ದು ಒಂದು ಲಕ್ಷದ ಒಳಗೆ ಬಂತು. ಅಕ್ಕ ಆಮೇಲೆ ಸುಮ್ಮನಾದ್ರು, ಮಗ ಮಾತ್ರ ಇನ್ನೂ ಒಪ್ಪಿಲ್ಲ ಅಂತ ಕಾಣುತ್ತೆ.

ಹಂಗಂತ ಅಮೆರಿಕದ ರೇಟನ್ನ ಇಲ್ಲಿಗೆ ಹಂಗೇ ತರೋಕೂ ಬರಲ್ಲ. ಈ ಸ್ಕೇಲ್ ಮಾಡೆಲ್‌ಗಳು ಕಸ್ಟಮ್ಸ್ ಲೆಕ್ಕದಲ್ಲಿ ಆಟಿಕೆ ಸಾಮಾನಿನ ಪಟ್ಟಿಯಲ್ಲೇ ಬರ್ತವೆ. ಆಟಿಕೆ ಮೇಲಿನ ಸುಂಕ 2020ರಲ್ಲಿ 20 ಪರ್ಸೆಂಟ್‌ನಿಂದ 60ಕ್ಕೆ ಹೋಯ್ತು, 2023ರಲ್ಲಿ 70 ಆಯ್ತು, ಅದರ ಮಧ್ಯ 2021ರ ಜನವರಿಯಿಂದ ಆಟಿಕೆಗೆ ಬಿಐಎಸ್ ಗುಣಮಟ್ಟದ ಮಾರ್ಕ್ ಕಡ್ಡಾಯ ಬೇರೆ. ಹೊಸಾದು ಹೊರಗಿಂದ ತರ್ಸೋದು ಕೈಗೆ ಎಟುಕಲ್ಲ ಅಂತಾದ ಮೇಲೆ ಈಗಾಗ್ಲೇ ದೇಶದೊಳಗಿರೋ ಹಳೇ ಮಾಲಿಗೆ ಬೆಲೆ ಬಂತು. ಅಲ್ಲಿನ ಶೋದಲ್ಲಿ ಟೇಬಲ್ ಕೆಳಗಿನ ರಟ್ಟಿನ ಡಬ್ಬಿಯಲ್ಲಿ ಐದಾರು ಡಾಲರ್‌ಗೆ ಬಿದ್ದಿರೋ ವ್ಯಾಗನ್ನು ಇಲ್ಲಿ ಚೆನ್ನಾಗಿದ್ರೆ 600-700 ರೂಪಾಯಿಗೆ ಹೋಗುತ್ತೆ. ಯಜಮಾನ್ರ ಹತ್ರ ಇದ್ದ ಅಮೆರಿಕನ್ ವ್ಯಾಗನ್ನೆಲ್ಲ ಅಂಥವೇ, ಸಣ್ಣ ಅಳಿಯ ಮ್ಯಾಸಚೂಸೆಟ್ಸ್‌ನಲ್ಲಿದ್ದಾಗ ವೆಸ್ಟ್ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜನವರಿ ಕೊನೆಗೆ ಆಮ್ಹರ್ಸ್ಟ್ ರೈಲ್ವೆ ಸೊಸೈಟಿಯವರು ನಡೆಸೋ ಶೋಗೆ ಹೋಗಿ ತಂದಿದ್ದು. ನಾಲ್ಕು ದೊಡ್ಡ ಬಿಲ್ಡಿಂಗ್ ತುಂಬ ಟೇಬಲ್ಲಂತೆ ಅಲ್ಲಿ. ನಮ್ದು ಒಂದು ಕಲ್ಯಾಣ ಮಂಟಪದ ಊಟದ ಹಾಲು.

ಈಗ ಅಸಲು ಕೆಲಸ, ವಿಂಗಡಣೆ. ಡೀಲರ್‌ಗೆ ಹೂಂ ಅನ್ನೋದೋ ಉಹೂಂ ಅನ್ನೋದೋ ಆಮೇಲೆ, ಮೊದ್ಲು ಒಳಗೆ ಏನೈತೆ ಅಂತ ಗೊತ್ತಾಗ್ಲಿ ಅಂದೆ. ಇಲ್ಲಿ ನಮ್ಮನ್ನ ಉಳಿಸಿದ್ದು ಯಜಮಾನ್ರ ರಿಜಿಸ್ಟರು. ಗಾರ್ಡ್ ಆದೋರಿಗೆ ಬರೆದಿಡೋ ಚಟ ಕೈಗೇ ಅಂಟಿರುತ್ತೆ, ಗಾಡಿ ಎಷ್ಟಕ್ಕೆ ಬಂತು ಎಷ್ಟಕ್ಕೆ ಬಿಡ್ತು ಎಲ್ಲಿ ನಿಂತ್ತು ಅಂತ ದಿನಾ ಬರೆದು ಬರೆದು. ಲಾಂಗ್ ಬುಕ್ ಒಂದ್ರಲ್ಲಿ ಪ್ರತಿ ಸಾಮಾನಿಗೂ ನಂಬರು, ಬಂದ ತಾರೀಕು, ಯಾರು ಕೊಟ್ಟಿದ್ದು, ಏನ್ ರಿಪೇರಿ ಮಾಡಿದ್ದು, ಎಲ್ಲಾ. ಅದೇ ನಂಬರಿನ ಸಣ್ಣ ಚೀಟಿ ವ್ಯಾಗನ್ನಿನ ಹೊಟ್ಟೆ ಕೆಳಗೆ ಅಂಟ್ಸಿದ್ರು. ಡೀಲರ್ ಈ ಬುಕ್ ತೆಗೆದೇ ನೋಡಿರಲಿಲ್ಲ.

ಬುಕ್ ಓದ್ತಾ ಹೋದಂಗೆ ಒಂದು ವಿಷಯ ಬಿಚ್ಕೊಂತು. ಎರಡು ಇಂಜಿನ್, ಕೆಲವು ಬೋಗಿ, ತಗಡಿನ ತಳ ಇರೋ ಹಳಿ, ಇಷ್ಟೂ ಮಸ್ಕತ್‌ನಿಂದ ಬಂದಿದ್ದು. ಯಜಮಾನ್ರ ತಮ್ಮ ಅಲ್ಲಿ ಕೆಲಸದಲ್ಲಿದ್ದಾಗ ಜರ್ಮನ್ ಎಂಜಿನಿಯರ್ ಒಬ್ಬ ಊರಿಗೆ ವಾಪಸ್ ಹೋಗೋವಾಗ ಕೊಟ್ಟು ಹೋಗಿದ್ದಂತೆ. ಅದು ಮರ್ಕ್ಲಿನ್, ಜರ್ಮನಿಯ ಮಾಡೆಲ್ ಟ್ರೈನ್ ಕಂಪನಿಯದ್ದು. ಗೊತ್ತಿಲ್ದೋರಿಗೆ ಎರಡು ಮಾತು: ಎಚ್‌ಒ ಅಂದ್ರೆ 1:87 ಅಳತೆ, ಹಳಿ ಮಧ್ಯ 16.5 ಮಿಲಿಮೀಟರು, ಮರ್ಕ್ಲಿನ್ನೂ ಅದೇ ಅಳತೆ, ನೋಡೋಕೂ ಅಂಥದ್ದೇ. ಆದ್ರೆ ಉಳಿದ ಕಂಪನಿಯವು ಒಂದು ಹಳಿ ಪ್ಲಸ್ ಇನ್ನೊಂದು ಹಳಿ ಮೈನಸ್, 12 ವೋಲ್ಟ್ ಡಿಸಿ. ಹಳೇ ಮರ್ಕ್ಲಿನ್ ಎಸಿಯಲ್ಲಿ ಓಡುತ್ತೆ, ಎರಡೂ ಹಳಿ ಒಂದೇ ಕಡೆ ಸೇರಿರ್ತವೆ, ಇನ್ನೊಂದು ಕನೆಕ್ಷನ್ ಹಳಿ ಮಧ್ಯ ಇರೋ ಸಣ್ಣ ಸಣ್ಣ ಮೊಳೆಗಳಿಂದ, ಇಂಜಿನ್ ಕೆಳಗಿರೋ ಉದ್ದನೆ ಪಟ್ಟಿ ಅದರ ಮೇಲೆ ಜಾರ್ತಾ ಹೋಗುತ್ತೆ. ಅದನ್ನ ತಂದು ಮಾಮೂಲಿ ಡಿಸಿ ಹಳಿ ಮೇಲಿಟ್ರೆ ಸೀದಾ ಶಾರ್ಟು.

ಹಂಗಾಗಿ ಎರಡೂ ಜಾತಿ ಕಲಸಿ ಹೋಗಿರೋ ಡಬ್ಬಿಯಲ್ಲಿ ಬೇರೆ ಮಾಡೋಕೆ, ಕರೆಂಟು ದಾಟಿದ್ರೆ ಕುಂಯ್ ಅಂತ ಕೂಗೋ ಮಲ್ಟಿಮೀಟರ್ ಸಾಕು. ವ್ಯಾಗನ್ ಮಗುಚಿ, ಒಂದೇ ಆಕ್ಸಲ್‌ನ ಎಡಗಾಲಿಗೊಂದು ಪ್ರೋಬು ಬಲಗಾಲಿಗೊಂದು ಪ್ರೋಬು. ಕುಂಯ್ ಅಂದ್ರೆ ಗಾಲಿ ಇನ್ಸುಲೇಟ್ ಆಗಿಲ್ಲ, ಮರ್ಕ್ಲಿನ್ ಕಡೆ ಹಾಕು. ಸುಮ್ನಿದ್ರೆ ಈ ಕಡೆ. ಇಂಜಿನ್ನಿಗೆ ಮಾತ್ರ ಕುಂಯ್ ನಂಬಬೇಡಿ, ಒಳಗೆ ಮೋಟಾರ್ ವೈಂಡಿಂಗ್ ಇರುತ್ತೆ, ಕೆಲವು ಮೀಟರು ಅದಕ್ಕೂ ಕೂಗ್ತವೆ, ಓಮ್ಸ್‌ನಲ್ಲಿ ಇಟ್ಟು ನೋಡ್ಬೇಕು, ಸೊನ್ನೆ ಬಂದ್ರೆ ಶಾರ್ಟು, ಹತ್ತಿಪ್ಪತ್ತು ಬಂದ್ರೆ ಅದು ಮೋಟಾರು. ಅಕ್ಕನ ಮಗಳು ಇದನ್ನ ಹತ್ತು ನಿಮಿಷದಲ್ಲಿ ಕಲ್ತು ಸಂಜೆ ಹೊತ್ತಿಗೆ ಪೂರ್ತಿ ಡಬ್ಬಿ ಮುಗಿಸಿದ್ಲು.

ಉಳಿದ ಇಂಜಿನ್‌ಗಳ ಕತೆ ಬೇಗ ಹೇಳ್ತೀನಿ. ಕಾಟೊ ಕಂಪನಿಯದ್ದು ಒಂದು, ಗ್ರೀಸ್ ಒಣಗಿ ಅಂಟಾಗಿತ್ತು, ಬಿಚ್ಚಿ ತೊಳೆದು ಹೊಸ ಗ್ರೀಸ್ ಹಾಕಿದ ಮೇಲೆ ಚೂರೂ ಸದ್ದಿಲ್ದಂಗೆ ಓಡ್ತು. ರಾಯಚೂರಿನ ಬಿಸಿಲಿಗೆ ಅಟ್ಟದ ಮೇಲೆ ಇಟ್ಟ ಯಾವ ಗ್ರೀಸೂ ಉಳಿಯಲ್ಲ, ಡಬ್ಬಿಯೊಳಗಿನ ಸ್ಪಂಜೂ ಉಳಿಯಲ್ಲ, ಅದು ಪುಡಿ ಪುಡಿ ಆಗಿ ಒಂದು ಲೀಮಾ ಇಂಜಿನ್ನಿನ ಟಾಪಿಗೆ ಮೆತ್ಕೊಂಡು ಪೇಂಟನ್ನೇ ಎಳ್ಕೊಂಡು ಬಂದಿತ್ತು. ಲೀಮಾ ಎರಡೂ ಗದ್ದಲ ಮಾಡ್ಕೊಂಡು ಓಡ್ತವೆ, ಅವು ಹೊಸಾವಿದ್ದಾಗ್ಲೂ ಹಂಗೇ. ಬ್ಯಾಕ್‌ಮನ್ ಡೀಸೆಲ್ ಎರಡು, ಒಂದು ಡಿಸಿಸಿ, ಅಂದ್ರೆ ಡಿಜಿಟಲ್ ಕಂಟ್ರೋಲ್ ಇರೋದು, ಚೆನ್ನಾಗಿದೆ. ಇನ್ನೊಂದು ಹಳೇದು ಓಡುತ್ತೆ, ಆದ್ರೆ ಗಾಲಿ ಒಂದ್ ಸುತ್ತು ಬಂದಾಗೆಲ್ಲ ಟಕ್ ಅಂತ ಸಣ್ಣಗೆ ಜಿಗಿಯುತ್ತೆ. ವಾಚ್ ರಿಪೇರಿಯೋರ ಕಣ್ಗಾಜು ಹಾಕ್ಕೊಂಡು ನೋಡಿದ್ರೆ ಆಕ್ಸಲ್ ಮೇಲಿನ ಪ್ಲಾಸ್ಟಿಕ್ ಗೇರಿನಲ್ಲಿ ಎರಡು ಹಲ್ಲಿನ ಮಧ್ಯ ಕೂದಲೆಳೆ ಬಿರುಕು. ಹಳೇ ಮಾಡೆಲ್‌ಗಳಲ್ಲಿ ಇದು ಮಾಮೂಲಿ ರೋಗ. ಅಂಟು ಹಾಕಿದ್ರೆ ನಿಲ್ಲಲ್ಲ, ಗೇರೇ ಬದಲಾಯಿಸ್ಬೇಕು. ಅದಕ್ಕೆ "ಗೇರ್ ಬಿರುಕು" ಅಂತ ದಪ್ಪಕ್ಷರದಲ್ಲಿ ಚೀಟಿ ಬರೆದು ಕಟ್ಟಿದ್ವಿ, ಮುಚ್ಚಿಟ್ಟು ಮಾರೋದು ಬೇಡ ಅಂತ ಅಕ್ಕನೇ ಹೇಳಿದ್ರು.

ಅಮೆರಿಕದ ಸೆಟ್ ಜೊತೆ ಬಂದ ಟ್ರಾನ್ಸ್‌ಫಾರ್ಮರ್ ಮೇಲೆ 120 ವೋಲ್ಟ್ ಅಂತ ಐತೆ. ನಮ್ಮ 230ಕ್ಕೆ ಸಿಗಿಸಿದ್ರೆ ಹೊಗೆ. ನಾನು ಅದರ ಪ್ಲಗ್ ವೈರನ್ನೇ ಕಟ್ ಮಾಡಿ ಪಾರ್ಟ್ಸ್ ಡಬ್ಬಿಗೆ ಹಾಕಿದೆ, ಶೋದಲ್ಲಿ ಯಾರಾದ್ರೂ ಹುಡುಗ್ರು ಸಿಗಿಸಿಬಿಟ್ರೆ ಕಷ್ಟ.

ಕೊನೆಗೆ ಉಳಿದಿದ್ದು ಬ್ರೇಕ್ ವ್ಯಾನು. ಗೂಡ್ಸ್ ಗಾಡಿ ಕೊನೆಗೆ ಗಾರ್ಡ್ ಕೂತ್ಕೊಂಡು ಹೋಗೋ ನಾಲ್ಕು ಗಾಲಿ ಡಬ್ಬಿ, ಯಜಮಾನ್ರು ತಾವೇ ಮಾಡಿದ್ದು. ರಟ್ಟು, ಹಿತ್ತಾಳೆ ತಂತಿ, ಐಸ್‌ಕ್ರೀಮ್ ಕಡ್ಡಿ. ವರಾಂಡದ ಕಂಬಿ, ಮೂಲೆಯಲ್ಲಿ ಕೈ ಬ್ರೇಕಿನ ಚಕ್ರ, ಹಿಂದೆ ಟೇಲ್ ಲ್ಯಾಂಪ್ ತೂಗಿಸೋ ಕೊಕ್ಕೆ, ಒಳಗೆ ಬೆಂಚಿನ ಮೇಲೆ ಟಿಫನ್ ಕ್ಯಾರಿಯರ್ ಸಹಾ ಐತೆ, ಅಕ್ಕಿಕಾಳಿನಷ್ಟು. ಅದರ ಜೊತೆಗೆ ಒಂದು ಬಾಕ್ಸ್‌ಎನ್ ವ್ಯಾಗನ್ ಅರ್ಧ ಮಾಡಿ ಬಿಟ್ಟಿದ್ರು, ತೋರಣಗಲ್ಲು ಕಡೆ ಅದಿರು ಹೊತ್ಕೊಂಡು ಓಡಾಡ್ತಾವಲ್ಲ ಅದೇ. ರಿಜಿಸ್ಟರ್‌ನಲ್ಲಿ ಲೆಕ್ಕ ಬರೆದಿದಾರೆ, ನಿಜವಾದ್ದು 10.7 ಮೀಟರ್, 87ರಿಂದ ಭಾಗಿಸಿದ್ರೆ 123 ಮಿಲಿಮೀಟರ್. ಅದರ ಕೆಳಗೇ ಬೇಜಾರಲ್ಲಿ ಇನ್ನೊಂದು ಸಾಲು, ನಮ್ಮ ಬ್ರಾಡ್ ಗೇಜ್ 1676, ಅದು 19 ಮಿಲಿಮೀಟರ್ ಮೇಲೆ ಬರ್ಬೇಕು, ಆದ್ರೆ ಹಳಿ ಸಿಗೋದು ಹದಿನಾರೂವರೆಯದ್ದು, ಏನ್ ಮಾಡೋದು ಅಂತ. ಇಂಡಿಯನ್ ಮಾಡೆಲ್ ಮಾಡೋ ಎಲ್ಲರ ಗೋಳೂ ಅದೇ.

ಬ್ರೇಕ್ ವ್ಯಾನಿಗೆ ಡೀಲರ್ ಏನೂ ಬೆಲೆ ಕಟ್ಟಿರಲಿಲ್ಲ. ನನಗೂ ಕಟ್ಟೋಕೆ ಬರ್ಲಿಲ್ಲ. ಕ್ಯಾಟಲಾಗ್ ನಂಬರ್ ಇಲ್ದಿದ್ದಕ್ಕೆ ಹಿಂದಿನ ಮಾರಾಟ ಅಂತ ಒಂದಿರಲ್ಲ.

ಶೋಗೆ ಹೋಗೋದು ಅಂತ ತೀರ್ಮಾನ ಆಯ್ತು. ದಾರಿ ಎರಡಿತ್ತು. ಇಂಗ್ಲೆಂಡ್ ಕಡೆ ಕ್ಲಬ್ಬಿನ ಶೋಗಳಲ್ಲಿ ಬ್ರಿಂಗ್ ಅಂಡ್ ಬೈ ಅಂತ ಒಂದು ಸ್ಟಾಲ್ ಇರುತ್ತೆ, ಸಾಮಾನು ಚೀಟಿ ಹಚ್ಚಿ ಕೊಟ್ಟು ಬಂದ್ರೆ ಅವರೇ ಮಾರಿ ಕಮಿಷನ್ ಮುರ್ಕೊಂಡು ದುಡ್ಡು ಕೊಡ್ತಾರೆ. ಅದನ್ನ ನೋಡಿಯೇ ನಮ್ಮಲ್ಲೂ ಹತ್ತು ಪರ್ಸೆಂಟಿಗೆ ಒಂದು ಟೇಬಲ್ ಇಟ್ಟಿದೀವಿ. ಇಲ್ಲಾಂದ್ರೆ ಸ್ವಂತ ಟೇಬಲ್, ಒಂದಕ್ಕೆ 1,500. ನಾಲ್ಕೈದು ಪೀಸ್ ಇದ್ದೋರಿಗೆ ಕಮಿಷನ್ನೇ ಸರಿ, ಇಡೀ ದಿನ ನಿಲ್ಲೋದು ತಪ್ಪುತ್ತೆ. ಇಷ್ಟು ಮಾಲಿಗೆ ಎರಡು ಟೇಬಲ್ ತಗೊಳ್ಳೋದೇ ಲೆಕ್ಕಕ್ಕೆ ಬಂತು. ರಾಯಚೂರಿಂದ ಮಾನ್ವಿ, ಸಿಂಧನೂರು, ಸಿರುಗುಪ್ಪ ಮೇಲೆ ಗಾಡಿ ಮಾಡ್ಕೊಂಡು ಹಿಂದಿನ ದಿನ ಸಂಜೆನೇ ಬಂದ್ರು.

ಚೀಟಿ ಕಟ್ಟೋ ವಿಷಯ ಒಂದು ಹೇಳ್ಬೇಕು. ಕಲ್ಯಾಣ ಮಂಟಪದ ಫ್ಯಾನುಗಳು ಗೊತ್ತಲ್ಲ, ಹಾಕಿದ್ರೆ ಎಲೆ ಮೇಲಿನ ಹಪ್ಪಳ ಹಾರುತ್ತೆ, ಆರಿಸಿದ್ರೆ ಬಳ್ಳಾರಿ ಸೆಖೆಗೆ ನಿಲ್ಲೋಕಾಗಲ್ಲ. ಇಟ್ಟ ಚೀಟಿ ನಿಲ್ಲಲ್ಲ ಅಂತ ಮೊದ್ಲೇ ಗೊತ್ತಿತ್ತು. ನಮ್ಮ ಓಣಿಯ ಜೀನ್ಸ್ ಯೂನಿಟ್‌ನವರ ಹತ್ರ ಪ್ಯಾಂಟಿಗೆ ಕಟ್ಟೋ ದಾರದ ಟ್ಯಾಗು ಒಂದು ಕಟ್ಟು ಇಸ್ಕೊಂಡು ಬಂದೆ. ಟ್ಯಾಗಿನ ಮುಂದೆ ರೇಟು, ಹಿಂದೆ ಯಜಮಾನ್ರ ರಿಜಿಸ್ಟರ್ ನಂಬರು, ಓಡುತ್ತೋ ಇಲ್ವೋ, ಏನ್ ಕೊರತೆ. ಮಿಕ್ಕ ಟೇಬಲ್‌ನೋರು ರೇಟೇ ಬರೆಯಲ್ಲ, ಗಿರಾಕಿ ಮುಖ ನೋಡಿ ಹೇಳ್ತಾರೆ, ನನಗೆ ಅದು ಮೊದಲಿಂದ್ಲೂ ಸೇರಲ್ಲ. ರೇಟ್ ಬರೆಯದ ಟೇಬಲ್ ಮುಂದೆ ಹೊಸಬರು ನಿಲ್ಲೋದೇ ಇಲ್ಲ, ಕೇಳೋಕೆ ಸಂಕೋಚ.

ಶೋ ಬಾಗಿಲು ತೆರೆಯೋದು ಹತ್ತಕ್ಕೆ, ಆದ್ರೆ ವ್ಯಾಪಾರ ಶುರುವಾಗೋದು ಎಂಟಕ್ಕೆ. ಟೇಬಲ್ ಹಾಕೋರೇ ಒಬ್ರ ಟೇಬಲ್ ಒಬ್ರು ನೋಡ್ಕೊಂಡು ಒಳ್ಳೇದೆಲ್ಲ ಎತ್ಕೊಂಡು ಬಿಡ್ತಾರೆ, ಹತ್ತಕ್ಕೆ ಬಂದೋರಿಗೆ ಅದು ಡಬಲ್ ರೇಟಲ್ಲಿ ಇನ್ನೊಂದು ಟೇಬಲ್ ಮೇಲೆ ಕಾಣುತ್ತೆ. ಆ ಡೀಲರ್ರೂ ಬಂದ, ನಗುನಗುತಾನೇ. "ಏನಕ್ಕಾ, ನನಗೆ ಕೊಡದೇ ಇಲ್ಲಿಗೇ ತಂದ್ರಾ, ಇರ್ಲಿ ಬಿಡ್ರಿ" ಅಂತ ಕಾಟೊ ಎತ್ತಿ ನೋಡಿ 8,000 ಅಂದ. ಅಕ್ಕ ಟ್ಯಾಗ್ ತೋರ್ಸಿ, "ಹನ್ನೊಂದು ಬರದೀವ್ರಿ, ಮಧ್ಯಾಹ್ನದ ತನಕ ಕಡಿಮಿ ಇಲ್ಲ" ಅಂದ್ರು. ಮಧ್ಯಾಹ್ನದ ತನಕ ಅನ್ನೋದು ನಾವು ಹಿಂದಿನ ರಾತ್ರಿ ಮಾಡ್ಕೊಂಡ ನಿಯಮ. ಹನ್ನೊಂದೂವರೆಗೆ ತೋರಣಗಲ್ಲಿನ ಸ್ಟೀಲ್ ಪ್ಲಾಂಟಲ್ಲಿ ಕೆಲಸ ಮಾಡೋ ಹುಡುಗ ಒಬ್ಬ ಅದನ್ನ 10,000ಕ್ಕೆ ತಗೊಂಡ. ನಿಯಮ ಮುರಿದಿದ್ದು ಅಕ್ಕನೇ, ಹುಡುಗ ಪಾಪ ಮೂರು ಸಲ ಬಂದು ನೋಡ್ಕೊಂಡು ಹೋಗಿದ್ದ ಅಂತ.

ಅವನು ತಗೊಂಡಿದ್ದಕ್ಕೆ ಕಾರಣ ಟೆಸ್ಟ್ ಟ್ರ್ಯಾಕು. ನಾಲ್ಕಡಿ ಪ್ಲೈವುಡ್ ತುಂಡಿನ ಮೇಲೆ ಒಂದು ನೇರ ಹಳಿ, ಒಂದು ಕಂಟ್ರೋಲರ್, ಅಷ್ಟೇ. ಹಾಲಲ್ಲಿ ಬೇರೆ ಯಾರ ಟೇಬಲ್ ಮೇಲೂ ಅದು ಇರಲಿಲ್ಲ. ಸೆಕೆಂಡ್ ಹ್ಯಾಂಡ್ ಇಂಜಿನ್ ಮಾರೋನು ಓಡಿಸಿ ತೋರ್ಸಲ್ಲ ಅಂದ್ರೆ ಅದಕ್ಕೊಂದು ಕಾರಣ ಇದ್ದೇ ಇರುತ್ತೆ. ಹನ್ನೆರಡರ ಹೊತ್ತಿಗೆ ಬೇರೆ ಟೇಬಲ್ಲಲ್ಲಿ ತಗೊಳ್ಳೋಕೆ ಹೊರಟೋರೆಲ್ಲ "ಸರ್, ಇದೊಂದು ಸ್ವಲ್ಪ ಓಡಿಸಿ ನೋಡ್ಲಾ" ಅಂತ ನಮ್ಮ ಹತ್ರ ಬರೋಕೆ ಶುರು. ಅಕ್ಕನ ಮಗಳಿಗೆ ಸಿಟ್ಟು, ನಮ್ಮ ಕರೆಂಟು ನಮ್ಮ ಹಳಿ ಅಂತ. ಬಿಡವ್ವಾ ಅಂದೆ. ಟೆಸ್ಟ್ ಮಾಡೋಕೆ ಬಂದೋರು ನಿಂತ ಜಾಗದಲ್ಲೇ ವ್ಯಾಗನ್ನಿನ ಡಬ್ಬಿ ಇಟ್ಟಿದ್ವಿ, ಐದು ನಿಮಿಷ ಕಾಯೋವಾಗ ಕೈ ಸುಮ್ನಿರಲ್ಲ, ವ್ಯಾಗನ್ನು ಹೋಗಿದ್ದೆಲ್ಲ ಹಂಗೇ.

ಬಂದ ಮಂದಿಯಲ್ಲಿ ಮುಕ್ಕಾಲು ಪಾಲು ಹವ್ಯಾಸದೋರಲ್ಲ. ಆಟಿಕೆ ಮೇಳ ಅಂತ ಮಕ್ಕಳನ್ನ ಕರ್ಕೊಂಡು ಬಂದೋರು. "ಬ್ಯಾಟರಿದೇನ್ರಿ ಇದು?" ಅನ್ನೋದು ಮೊದಲನೇ ಪ್ರಶ್ನೆ, ಎರಡನೇದು ರೇಟು. ಡಿಸಿಸಿ ಇಂಜಿನ್ ಟ್ಯಾಗು ಓದಿದ ಹಿರಿಯರೊಬ್ರು, "ಏಳೂವರಿ ಸಾವ್ರ? ಯಪ್ಪಾ, ಅಷ್ಟಕ್ಕ ಒಂದು ಆಡೇ ಬರ್ತೈತಿ, ಹಾಲರ ಕೊಡ್ತೈತಿ" ಅಂದು ಮೊಮ್ಮಗನ ಕೈ ಎಳ್ಕೊಂಡು ಹೋದ್ರು. ಅಂಥೋರಿಗಂತಲೇ ಐವತ್ತು ರೂಪಾಯಿ ಡಬ್ಬಿ ಇಟ್ಟಿದ್ವಿ. ಗಾಲಿ, ಮುರಿದ ಸಿಗ್ನಲ್ಲು, ಪ್ಲಾಸ್ಟಿಕ್ ಮರ, ಒಂಟಿ ಬೋಗಿ ಬಾಡಿ. ಅದರಲ್ಲಿ 2,350 ಬಂತು, ಹೊತ್ತು ತಂದ ಖರ್ಚು ಇಲ್ಲ, ವಾಪಸ್ ಒಯ್ಯೋ ಕಷ್ಟವೂ ಇಲ್ಲ.

ನಮ್ಮ ಎದುರಿನ ಟೇಬಲ್ ಕಿನ್ನಾಳದೋರದ್ದು. ಕೊಪ್ಪಳದ ಹತ್ರದ ಕಿನ್ನಾಳ, ಮರದ ಗೊಂಬೆಗೆ ಜಿಐ ಟ್ಯಾಗ್ ಇರೋ ಊರು. ಟ್ರೈನ್ ಶೋಗೆ ಅವರ್ಯಾಕೆ ಅಂತ ಕೆಲವರು ಗೊಣಗಿದ್ರು, ಆದ್ರೆ ದಿನದ ಕೊನೆಗೆ ಟೇಬಲ್ ಖಾಲಿ ಆಗಿದ್ದು ಅವರದ್ದೇ ಮೊದ್ಲು, ಮನೆ ಹೆಣ್ಮಕ್ಕಳು ಬಂದು ನಿಂತಿದ್ದೂ ಅಲ್ಲೇ. ಮಧ್ಯಾಹ್ನ ಒಗ್ಗರಣಿ-ಮಿರ್ಚಿ ತರ್ಸಿ ಎರಡೂ ಟೇಬಲ್‌ನೋರು ಕೂಡಿ ತಿನ್ನೋವಾಗ ಕಿನ್ನಾಳದ ಹಿರಿಯರೊಬ್ರು ಬ್ರೇಕ್ ವ್ಯಾನನ್ನ ಕೈಗೆ ತಗೊಂಡು, ಟಾಪು ಗೋಡೆ ಕೂಡೋ ಕಡೆ ಉಗುರಿಂದ ಸವರಿ, "ಇದು ಹುಣಸಿಬೀಜದ ಸರಿ ಅಲ್ಲೇನವ್ವಾ?" ಅಂದ್ರು. ಕಿನ್ನಾಳದಲ್ಲಿ ಮರದ ತುಂಡು ಕೂಡಿಸೋಕೆ, ಸಂದು ತುಂಬೋಕೆ ಹುಣಸೆಬೀಜದ ಅಂಟು, ಮರದ ಪುಡಿ ಕಲಸಿ ಹಚ್ಚೋದು ಹಿಂದಿಂದ ಬಂದಿದ್ದು. ಅಕ್ಕನಿಗೆ ಆಗ ನೆನಪಾಯ್ತು, ಅಪ್ಪ ಕೊಪ್ಪಳ ಕಡೆ ಹೋದಾಗ ಕಿನ್ನಾಳಕ್ಕೆ ಹೋಗಿ ಅರ್ಧ ದಿನ ಕೂತು ಬರ್ತಿದ್ರು ಅಂತ. ರಿಜಿಸ್ಟರ್ ತೆಗೆದು ನೋಡಿದ್ರೆ ಬ್ರೇಕ್ ವ್ಯಾನಿನ ಸಾಲಲ್ಲಿ "ಹು. ಬೀಜ" ಅಂತ ಸಣ್ಣಗೆ ಬರೆದಿದ್ದು ಸಿಕ್ತು. ನಾವು ಅದನ್ನ ಹುಬ್ಬಳ್ಳಿಯಲ್ಲಿ ತಗೊಂಡಿದ್ದು ಅಂತ ಓದ್ಕೊಂಡಿದ್ವಿ.

ಈ ಮಾತುಕತೆ ನಿಂತು ಕೇಳಿದ್ದು ಹುಬ್ಬಳ್ಳಿಯಿಂದ ಬಂದಿದ್ದ ಒಬ್ಬ ಲೇಔಟ್ ಕಟ್ಟೋರು, ಇಂಡಿಯನ್ ಗಾಡಿ ಮಾತ್ರ ಇಟ್ಕೊಳ್ಳೋರು. ಬೆಳಿಗ್ಗೆ ಅವರು ಬ್ರೇಕ್ ವ್ಯಾನಿಗೆ ಮೂರು ಅಂದಿದ್ರು. ಡೀಲರ್ ಮಧ್ಯ ಬಂದು ಐದು ಅಂದಿದ್ದ. ಈಗ ಅವರು ಎಂಟು ಕೊಡ್ತೀನಿ, ಆದ್ರೆ ಆ ಪುಟದ ಜೆರಾಕ್ಸ್ ಬೇಕು ಅಂದ್ರು. ಅರ್ಧ ಆದ ಬಾಕ್ಸ್‌ಎನ್ನೂ ಅದರ ಜೊತೆಗೇ. ನಾನು ಮಾರ್ಬೇಡಿ ಅಂತ ಅಕ್ಕನ ಕಿವಿಯಲ್ಲಿ ಹೇಳಿದೆ. ಅಕ್ಕ ಕೇಳ್ಲಿಲ್ಲ. "ಮನ್ಯಾಗ ಶೋಕೇಸಿನಾಗ ಇಟ್ರ ಧೂಳು ಒರಸೋಳು ನಾನೇ. ಅವರು ಓಡಸ್ತಾರ" ಅಂದು ಕೊಟ್ಟೇಬಿಟ್ರು. ಪಕ್ಕದ ಬೀದಿಯಲ್ಲಿ ಜೆರಾಕ್ಸ್ ಮಾಡ್ಸಿಕೊಟ್ಟು ರಿಜಿಸ್ಟರ್ ಮಾತ್ರ ಬ್ಯಾಗಿಗೆ ಹಾಕ್ಕೊಂಡ್ರು.

ಮರ್ಕ್ಲಿನ್ ಬೆಳಿಗ್ಗೆಯಿಂದ ಯಾರೂ ಕೇಳಿರಲಿಲ್ಲ. ನಮ್ಮ ಕಡೆ ಇರೋರೆಲ್ಲ ಡಿಸಿಯೋರು, ಅದು ಅವರಿಗೆ ಉಪಯೋಗವೇ ಇಲ್ಲ. ಬಿಡಿ ಬಿಡಿಯಾಗಿ ಮಾರಿದ್ರೆ ಯಾರಿಗೂ ಬೇಡ ಅಂತ ಮೊದಲೇ ಲೆಕ್ಕ ಹಾಕಿ, ಎರಡು ಇಂಜಿನ್, ಬೋಗಿ, ತಗಡಿನ ಹಳಿ, ಅದರದ್ದೇ ಎಸಿ ಟ್ರಾನ್ಸ್‌ಫಾರ್ಮರ್, ಎಲ್ಲಾ ಒಂದೇ ಲಾಟ್ ಮಾಡಿ ಟೇಬಲ್ ಮೇಲೇ ಒಂದು ಸಣ್ಣ ಸುತ್ತು ಜೋಡಿಸಿ ಓಡಿಸಿಟ್ಟಿದ್ವಿ. ಅದರ ವಿಡಿಯೋ ಮೊದ್ಲೇ ಬೆಂಗಳೂರಿನ ಒಬ್ಬ ಕಲೆಕ್ಟರ್‌ಗೆ ಕಳಿಸಿದ್ದೆ. ಅವರು ಎರಡು ಗಂಟೆಗೆ ಬಂದು, ಮೊದಲು ಇಂಜಿನ್ ಮಗುಚಿ ಕೆಳಗಿನ ಪಟ್ಟಿ ನೋಡಿದ್ರು, ಆಮೇಲೆ ಹಳಿಯ ತಗಡಲ್ಲಿ ತುಕ್ಕು ಹುಡುಕಿದ್ರು, 18,000ಕ್ಕೆ ಬರೆದಿದ್ದನ್ನ 16,500ಕ್ಕೆ ತಗೊಂಡು ಊಟಕ್ಕೂ ನಿಲ್ಲದೆ ಹೋದ್ರು.

ಇನ್ನ ಲೆಕ್ಕ. ಮರ್ಕ್ಲಿನ್ ಲಾಟ್ 16,500. ಕಾಟೊ 10,000. ಬ್ಯಾಕ್‌ಮನ್ ಡಿಸಿಸಿ 7,000, ಬಿರುಕು ಗೇರಿನದ್ದು ಟ್ಯಾಗ್ ಓದ್ಕೊಂಡೇ 1,200ಕ್ಕೆ ಒಬ್ರು ತಗೊಂಡ್ರು. ಲೀಮಾ ಎರಡೂ ಸೇರಿ 2,600. ವ್ಯಾಗನ್ನು ಬೋಗಿ 17,800. ನಿಕ್ಕಲ್ ಸಿಲ್ವರ್ ಹಳಿ 6,000, ಹಿತ್ತಾಳೆ ಹಳಿ 800, ಅದು ಬೇಗ ಕಪ್ಪಾಗುತ್ತೆ ಅಂತ ಯಾರೂ ಮುಟ್ಟಲ್ಲ, ಅಷ್ಟು ಬಂದಿದ್ದೇ ಹೆಚ್ಚು. ಕಿಟ್ 3,300. ಐವತ್ತರ ಡಬ್ಬಿ 2,350. ಬ್ರೇಕ್ ವ್ಯಾನ್ 8,000. ಒಟ್ಟು 75,550. ಟೇಬಲ್ ಬಾಡಿಗೆ 3,000, ಗಾಡಿ 5,500, ರೂಮು ಊಟ 3,200, ಗ್ರೀಸು ಸ್ಪಿರಿಟ್ಟು ಇತ್ಯಾದಿ 1,450, ಇಷ್ಟು ಕಳೆದ್ರೆ 62,400. ಸಂಜೆ ಉಳಿದ ವ್ಯಾಗನ್ನು, ಚೂರುಪಾರು ಎಲ್ಲವನ್ನೂ ಅದೇ ಡೀಲರ್ 6,000ಕ್ಕೆ ಎತ್ಕೊಂಡ. ಕೈಗೆ ಬಂದಿದ್ದು 68,400.

ಅಕ್ಕನ ಮಗ ಇದನ್ನ ಕೇಳಿ ನೋಡ್ರಿ ನಲವತ್ತೈದಕ್ಕೆ ಮೋಸ ಮಾಡ್ತಿದ್ದ ಅಂದ. ನಾನು ಒಪ್ಪಲ್ಲ. ಮರ್ಕ್ಲಿನ್ನು, ಬ್ರೇಕ್ ವ್ಯಾನು, ಈ ಎರಡನ್ನ ತೆಗೆದು ನೋಡಿ, ಉಳಿದಿದ್ದು 43,900. ಡೀಲರ್‌ನ ಕೇಳಿದೆ, ಮರ್ಕ್ಲಿನ್ನಿಗೆ ಎಷ್ಟು ಹಿಡ್ಕೊಂಡಿದ್ದೆ ಅಂತ, ಮೂರು ಸಾವಿರ ಅಂದ, ಗುಜರಿ ಲೆಕ್ಕದಲ್ಲಿ. ಅಂದ್ರೆ ಮಿಕ್ಕಿದ್ದಕ್ಕೆ ಅವನು ಹಿಡಿದಿದ್ದು 42,000, ನಾವು ಅಷ್ಟು ಮಂದಿ ಅಷ್ಟು ಸಂಜೆ ಗ್ರೀಸ್ ಮೆತ್ಕೊಂಡು, ದಿನಪೂರ್ತಿ ನಿಂತು ತಂದಿದ್ದು ಅದಕ್ಕಿಂತ 1,900 ಜಾಸ್ತಿ. ನಮ್ಮ ಕೂಲಿ ಹಾಕಿದ್ರೆ ಲುಕ್ಸಾನೇ. ಗೊತ್ತಿದ್ದ ಮಾಲಿಗೆ ಅವನು ಸರಿಯಾಗೇ ಕೇಳಿದ್ದ, ಗಾಡಿ ಬಾಡಿಗೆ, ಮಾರಾಟ ಆಗದೆ ವರ್ಷ ಉಳಿಯೋದು, ಎಲ್ಲಾ ಅದರಲ್ಲೇ ಬರುತ್ತೆ. ಅವನ ರೇಟು ಬಿದ್ದಿದ್ದು ಅವನ ಗಿರಾಕಿಗಳಲ್ಲಿ ಯಾರಿಗೂ ಬೇಡದ ಎರಡು ಸಾಮಾನಿನಲ್ಲಿ ಮಾತ್ರ. ಅಂಥ ಮನೆಯವರು ಯಾರಾದ್ರೂ ನನ್ನ ಕೇಳಿದ್ರೆ ಈಗ ಹೇಳೋದು ಇಷ್ಟೇ, ಟೇಬಲ್ ಹಾಕೋಕೆ ಮುಂಚೆ ವಿಂಗಡ್ಸಿ, ಈ ಡೀಲರ್ ಮಾರದೇ ಇರೋ ಮಾಲು ಯಾವುದು ಅಂತ ಹುಡುಕಿ ಅದನ್ನ ಪಕ್ಕಕ್ಕಿಡಿ, ಅದಕ್ಕೆ ಬೇರೆ ಗಿರಾಕಿ ನೋಡಿ, ಉಳಿದಿದ್ದನ್ನ ಅವನಿಗೇ ಒಟ್ಟಿಗೆ ಕೊಟ್ಟು ಮನೆಗೆ ಹೋಗಿ ಆರಾಮಾಗಿರಿ. ಶೋದಲ್ಲಿ ನಿಲ್ಲೋ ಖುಷಿ ಬೇಕಿದ್ರೆ ಅದು ಬೇರೆ ವಿಷಯ. ಅಕ್ಕನ ಮಗಳಂತೂ ಮುಂದಿನ ಶೋಗೂ ಬರ್ತೀನಿ, ಟೆಸ್ಟ್ ಟ್ರ್ಯಾಕ್ ನನಗೇ ಬಿಡಿ ಅಂದಿದಾಳೆ, ಬೇರೆ ಟೇಬಲ್‌ನೋರಿಂದ ಒಂದು ಟೆಸ್ಟಿಗೆ ಇಪ್ಪತ್ತು ರೂಪಾಯಿ ತಗೋತಾಳಂತೆ.

ಡೀಲರ್ ಈಗ ಯಾವುದಾದ್ರೂ ಮನೆಗೆ ಹೋದ್ರೆ ನನಗೆ ವಾಟ್ಸಾಪ್‌ನಲ್ಲಿ ಫೋಟೊ ಹಾಕ್ತಾನೆ, ಇಂಜಿನ್ ಮಗುಚಿ, ಹೊಟ್ಟೆ ಕೆಳಗಿಂದು ಮೊದ್ಲು.